ಸಾಂಬ್ರಾಣಿ ಹೊಗೆ ಮಗುವಿಗೆ ಒಳ್ಳೆಯದಾ? ಐಹೊಳೆಯಿಂದ ಗಾಜುವಾಕದವರೆಗೆ ಎರಡು ರಾಳಗಳ ಕಥೆ

ಈ ವಾರದ ಮಾತಿನ ಬರಹ ರೂಪ ಇದು. ಪೂರ್ತಿ ವಿಡಿಯೋ ನೋಡೋಕೆ ಪುರುಸೊತ್ತು ಇಲ್ಲದವರು, ಕ್ಯಾಬ್‌ನಲ್ಲಿ ಕೂತು ಓದಿಕೊಂಡು ಹೋಗೋರು, ನಿಮಗೋಸ್ಕರ.

ಊರು ಬಿಟ್ಟು ಬಂದ ನಮ್ಮ ಕನ್ನಡದ ಮನೆಗಳಲ್ಲಿ ಮಗು ಹುಟ್ಟಿತು ಅಂದರೆ ಒಂದು ವಾದ ತಪ್ಪಿದ್ದಲ್ಲ. ಬಾಣಂತನಕ್ಕೆ ಅಂತ ಅಮ್ಮನೋ ಅತ್ತೆಯೋ ಊರಿಂದ ಬಂದಿರುತ್ತಾರೆ. ಮಗುವಿಗೆ ಎಣ್ಣೆ ಹಚ್ಚಿ ಎರೆದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಕೊಡಬೇಕು ಅಂತಾರೆ. ಮಕ್ಕಳ ಡಾಕ್ಟರು ಹೊಗೆ ಬೇಡವೇ ಬೇಡ ಅಂದಿರುತ್ತಾರೆ. ಒಬ್ಬರು "ನಿನ್ನನ್ನೂ ಹೀಗೇ ಬೆಳೆಸಿದ್ದು" ಅಂತಾರೆ, ಇನ್ನೊಬ್ಬರು ಮೊಬೈಲ್ ತೋರಿಸ್ತಾರೆ. ಕೊನೆಗೆ ಮಾತು ಬಂದು ನಿಲ್ಲೋದು ಒಂದೇ ಕಡೆ: "ಇದು ಮರದಿಂದ ಬಂದದ್ದು, ಕೆಮಿಕಲ್ ಅಲ್ಲ. ಇದರಿಂದ ಏನಾಗುತ್ತೆ?"

ಇವತ್ತು ಈ ಮಾತನ್ನೇ ಹಿಡಿದುಕೊಂಡು ಸ್ವಲ್ಪ ದೂರ ಹೋಗೋಣ. ಮರದಿಂದ ಬಂದದ್ದು ಅಂದರೆ ಅಪಾಯ ಇಲ್ಲ, ಕಾರ್ಖಾನೆಯಿಂದ ಬಂದದ್ದು ಅಂದರೆ ಅಪಾಯ, ಹೀಗೆ ಗೆರೆ ಎಳೆಯೋಕೆ ಆಗುತ್ತಾ? ಈ ಪ್ರಶ್ನೆಗೆ ಉತ್ತರ ಹುಡುಕೋಕೆ ವಿಶಾಖಪಟ್ಟಣದಷ್ಟು ಸರಿಯಾದ ಜಾಗ ಇನ್ನೊಂದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಗಾಜುವಾಕದ ಅಂಗಡಿಯಲ್ಲಿ

ಗಾಜುವಾಕ ಗೊತ್ತಿಲ್ಲದವರಿಗೆ ಎರಡು ಮಾತು. ವಿಶಾಖಪಟ್ಟಣದ ದಕ್ಷಿಣಕ್ಕೆ ಇರೋ ಕೈಗಾರಿಕಾ ಪ್ರದೇಶ ಇದು. ಒಂದು ಕಡೆ ಉಕ್ಕಿನ ಕಾರ್ಖಾನೆ, ಅದರ ಕಾಲೋನಿ ಉಕ್ಕುನಗರಂ. ಉಕ್ಕು ಅನ್ನೋ ಪದ ತೆಲುಗಿನಲ್ಲೂ ನಮ್ಮದೇ. ಇನ್ನೊಂದು ಕಡೆ ಮಲ್ಕಾಪುರಂ ಹತ್ತಿರ ತೈಲ ಶುದ್ಧೀಕರಣ ಘಟಕ, ಅದರಾಚೆ ಬಂದರು. ಕೆಲಸಕ್ಕೆ ಅಂತ ಬಂದು ಇಲ್ಲಿ ಮನೆ ಮಾಡಿದ ಕನ್ನಡಿಗರಿಗೆ ಸಾಂಬ್ರಾಣಿ ಕೇಳೋಕೆ ತೆಲುಗು ಬರಬೇಕಾಗಿಲ್ಲ. ಎರಡೂ ಭಾಷೆಯಲ್ಲಿ ಅದು ಸಾಂಬ್ರಾಣಿಯೇ. ಹೊಗೆಗೆ ತೆಲುಗಿನಲ್ಲಿ ಪೊಗ ಅಂತಾರೆ. ಹಳಗನ್ನಡದ ಪೊಗೆಯ ಪಕ್ಕದ ಮನೆಯ ಪದ.

ಆದರೆ ಹೆಸರು ಎಲ್ಲ ಕಡೆ ಹೀಗೆ ಸಲೀಸಾಗಿ ಹೊಂದೋದಿಲ್ಲ. ನಾವು ಗುಗ್ಗುಳ ಅಂದಾಗ ಆಯುರ್ವೇದದ ಮಾತ್ರೆಗಳಿಗೆ ಹಾಕೋ ಗುಗ್ಗುಲು ನೆನಪಾಗುತ್ತೆ. ರಾಜಸ್ಥಾನ, ಗುಜರಾತಿನ ಒಣ ನೆಲದಲ್ಲಿ ಬೆಳೆಯೋ ಮುಳ್ಳಿನ ಗಿಡದ ರಾಳ ಅದು. ತೆಲುಗಿನಲ್ಲಿ ಗುಗ್ಗಿಲಂ ಅಂದರೆ ಸಾಲ ಜಾತಿಯ ಮರಗಳ ರಾಳ. ಧೂಪಕ್ಕೂ, ದೋಣಿಗೆ ಮೆತ್ತೋಕೂ ಬಳಸಿದ್ದು. ಗುಗ್ಗುಲು ಬೇಕಾದರೆ ಅಲ್ಲಿ ಮಹಿಸಾಕ್ಷಿ ಅಂತ ಕೇಳಬೇಕು. ಕಿವಿಗೆ ಒಂದೇ ಥರ ಕೇಳಿಸೋ ಎರಡು ಹೆಸರು, ವಸ್ತು ಬೇರೆ ಬೇರೆ. ಧೂಪದ ಅಂಗಡಿಯಿಂದ ತಂದ ಯಾವ ರಾಳವನ್ನೂ ಕಷಾಯಕ್ಕೆ, ಲೇಹ್ಯಕ್ಕೆ ಹಾಕಬೇಡಿ ಅಂತ ಹೇಳೋದು ಇದಕ್ಕೇ. ಸಾಂಬ್ರಾಣಿ ಅಂತ ಪೊಟ್ಟಣದ ಮೇಲೆ ಬರೆದದ್ದೆಲ್ಲ ಒಂದೇ ಮರದ್ದಲ್ಲ.

ಅಂದ ಹಾಗೆ ಗೋಂದಿಗೂ ರಾಳಕ್ಕೂ ವ್ಯತ್ಯಾಸ ಇದೆ. ಎರಡೂ ಮರ ಸುರಿಸೋ ಅಂಟೇ. ಗೋಂದು ನೀರಿನಲ್ಲಿ ಕರಗುತ್ತೆ, ಅಥವಾ ಉಬ್ಬುತ್ತೆ. ರಾಳ ನೀರಿನಲ್ಲಿ ಕರಗಲ್ಲ, ಆಲ್ಕೋಹಾಲ್‌ನಲ್ಲಿ ಕರಗುತ್ತೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಐಹೊಳೆ ಐನೂರ್ವರು ಹೋದ ಊರು

ನಿಜವಾದ ಸಾಂಬ್ರಾಣಿ ಸ್ಟೈರಾಕ್ಸ್ ಅನ್ನೋ ಮರದ ರಾಳ. ಮುಖ್ಯವಾಗಿ ಎರಡು ಕಡೆಯಿಂದ ಬರುತ್ತೆ: ಇಂಡೋನೇಷ್ಯಾದ ಸುಮಾತ್ರಾ ದ್ವೀಪ, ಮತ್ತು ಲಾವೋಸ್, ವಿಯೆಟ್ನಾಂ ಕಡೆಯ ಕಾಡು. ಸುಮ್ಮನೆ ನಿಂತ ಮರದಲ್ಲಿ ಈ ರಾಳ ಇರೋದಿಲ್ಲ. ತೊಗಟೆಗೆ ಕಚ್ಚು ಹಾಕಿದ ಮೇಲೆ, ಆ ಗಾಯ ಮುಚ್ಚೋಕೆ ಅಂತ ಮರ ಇದನ್ನು ಹುಟ್ಟಿಸುತ್ತೆ. ಉತ್ತರ ಸುಮಾತ್ರಾದ ಬತಕ್ ಜನ ಕಚ್ಚು ಹಾಕಿ, ತಿಂಗಳುಗಟ್ಟಲೆ ಕಾದು, ಗಟ್ಟಿಯಾದದ್ದನ್ನು ಕೆರೆದು ತೆಗೀತಾರೆ.

ಹಾಗಾದರೆ ನಮ್ಮ ಹಳ್ಳಿ ಮನೆಯ ಕೆಂಡದ ಮೇಲೆ ಬಿದ್ದ ರಾಳ ಸಮುದ್ರ ದಾಟಿ ಬಂದದ್ದು. ಈ ಸಮುದ್ರದ ದಾರಿಯಲ್ಲಿ ಒಂದು ಕನ್ನಡದ ಹೆಸರೂ ಇದೆ.

ಸುಮಾತ್ರಾದ ಪಶ್ಚಿಮ ಕರಾವಳಿಯಲ್ಲಿ ಬಾರೂಸ್ ಅಂತ ಒಂದು ಹಳೆಯ ಬಂದರು. ಕರ್ಪೂರಕ್ಕೂ ಸಾಂಬ್ರಾಣಿಗೂ ಹೆಸರಾಗಿದ್ದ ಊರು. ಅಲ್ಲಿನ ಲೋಬು ತುವಾ ಅನ್ನೋ ಕಡೆ ಶಕ ವರ್ಷ 1010ರ, ಅಂದರೆ ಕ್ರಿ.ಶ. 1088ರ ಒಂದು ತಮಿಳು ಶಾಸನ ಸಿಕ್ಕಿದೆ. ಅದನ್ನು ಹಾಕಿಸಿದವರು ಐನ್ನೂಟ್ರುವರ್, ಅಂದರೆ ಐನೂರು ಮಂದಿಯ ವ್ಯಾಪಾರಿ ಸಂಘ. ಬಂದರಿಗೆ ಬರೋ ಹಡಗಿನವರು ಕಟ್ಟಬೇಕಾದ ಸುಂಕದ ವಿಷಯ ಅದರಲ್ಲಿದೆ. ಈ ಐನೂರ್ವರ ಮೂಲ ಯಾವುದು ಗೊತ್ತಾ? ನಮ್ಮ ಬಾಗಲಕೋಟೆ ಜಿಲ್ಲೆಯ ಐಹೊಳೆ. ಕನ್ನಡ ಶಾಸನಗಳ ಅಯ್ಯಾವೊಳೆ ಐನೂರ್ವರು. ಮಲಪ್ರಭೆಯ ದಡದಲ್ಲಿ ಶುರುವಾದ ಸಂಘ ಕಾಲ ಕಳೆದ ಹಾಗೆ ತಮಿಳು, ತೆಲುಗು ವ್ಯಾಪಾರಿಗಳನ್ನು ಸೇರಿಸಿಕೊಂಡು ಸಮುದ್ರ ದಾಟಿತು. ಕನ್ನಡಿಗರು ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋಗಿದ್ದು ಹೊಸ ಸುದ್ದಿ ಏನಲ್ಲ ನೋಡಿ.

ಅದೇ ಕಾಲದಲ್ಲಿ ವಿಶಾಖಪಟ್ಟಣಕ್ಕೆ ಇನ್ನೊಂದು ಹೆಸರಿತ್ತು: ಕುಲೋತ್ತುಂಗಚೋಳಪಟ್ಟಣ. ಪಟ್ಟಣ ಅಂದರೆ ಬಂದರು ಊರು. ಪೂರ್ವ ಕರಾವಳಿಯ ವ್ಯಾಪಾರದ ಸರಪಳಿಯಲ್ಲಿ ಇದೂ ಒಂದು ಕೊಂಡಿ.

ನಮ್ಮ ಕಡೆ ಸುಗಂಧದ ವಿದ್ಯೆ ಎಷ್ಟು ಬೆಳೆದಿತ್ತು ಅನ್ನೋಕೂ ಪುಸ್ತಕಗಳಿವೆ. 1025ರ ಸುಮಾರಿಗೆ ಚಾವುಂಡರಾಯ ಬರೆದ ಕನ್ನಡದ ಲೋಕೋಪಕಾರದಲ್ಲಿ ಬೇಸಾಯ, ಅಡುಗೆ, ವೈದ್ಯದ ಜೊತೆಗೆ ಸುಗಂಧ ತಯಾರಿಕೆಗೂ ಜಾಗ ಇದೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಮಾಡಿಸಿದ ಮಾನಸೋಲ್ಲಾಸದಲ್ಲಿ ಧೂಪವನ್ನು ರಾಜನ ಭೋಗಗಳಲ್ಲಿ ಒಂದು ಅಂತ ಎಣಿಸಿದ್ದಾರೆ. ಭೋಗ ಅನ್ನೋ ಪದ ಗಮನಿಸಿ. ಅಲ್ಲಿ ಧೂಪ ಒಂದು ಸುಖದ ವಸ್ತು.

ಯುರೋಪಿಗೆ ಈ ರಾಳ ಅರಬರ ಮೂಲಕ ಹೋಯ್ತು. ಅರಬರು ಇದನ್ನು ಲುಬಾನ್ ಜಾವಿ ಅಂದರು, ಅಂದರೆ ಜಾವಾದ ಲೋಬಾನ. ಸುಮಾತ್ರಾವನ್ನೂ ಅವರು ಜಾವಾ ಅಂತಲೇ ಕರೀತಿದ್ದರು. 14ನೇ ಶತಮಾನದಲ್ಲಿ ಅಲ್ಲಿಗೆ ಹೋದ ಇಬ್ನ್ ಬತೂತಾ ಇದರ ಬಗ್ಗೆ ಬರೆದಿದ್ದಾನೆ. ಯುರೋಪಿನವರ ಬಾಯಲ್ಲಿ ಮೊದಲಿನ ಲು ಉದುರಿ ಬೆಂಜಾವಿ ಆಯ್ತು, ಆಮೇಲೆ ಬೆಂಜೋಯಿನ್ ಆಯ್ತು. 1563ರಲ್ಲಿ ಗೋವಾದಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತಾನ ಔಷಧ ಸಂವಾದಗಳ ಪುಸ್ತಕದಲ್ಲಿ ಬೆಂಜೋಯಿನ್‌ಗೇ ಒಂದು ಅಧ್ಯಾಯ ಇದೆ.

ಶಿಲಾರಸ: ಹೆಸರಲ್ಲೇ ವಲಸೆ

ಈಗ ಎರಡನೇ ರಾಳ. ಗ್ರಂಥಿಗೆ ಅಂಗಡಿಯಲ್ಲಿ ಶಿಲಾರಸ ಅಂತ ಕೇಳಿದರೆ ಜೇನುತುಪ್ಪದ ಹಾಗೆ ಮಂದವಾದ, ಬೂದು ಕಂದು ಬಣ್ಣದ ಅಂಟು ಕೊಡ್ತಾರೆ. ಸಂಸ್ಕೃತದಲ್ಲಿ ಸಿಹ್ಲಕ. ಶಿಲಾಜಿತು ಬೇರೆ, ಇದು ಬೇರೆ. ಇಂದಿನ ಆಯುರ್ವೇದ ಗ್ರಂಥಗಳು ಇದನ್ನು ಲಿಕ್ವಿಡಾಂಬರ್ ಓರಿಯೆಂಟಾಲಿಸ್ ಮರದ ರಾಳ ಅಂತ ಗುರುತಿಸುತ್ತವೆ. ಆ ಮರದ ತವರು ಟರ್ಕಿಯ ನೈಋತ್ಯ ಮೂಲೆ. ತೊಗಟೆಯನ್ನು ಕೆತ್ತಿ, ನೀರಿನಲ್ಲಿ ಕುದಿಸಿ, ಹಿಂಡಿ ತೆಗೆಯೋ ರಾಳ. ಇಂಗ್ಲಿಷಿನಲ್ಲಿ ಸ್ಟೋರಾಕ್ಸ್.

ಅಮರಕೋಶ ಈ ದ್ರವ್ಯಕ್ಕೆ ಕೊಡೋ ಹೆಸರುಗಳಲ್ಲಿ ತುರುಷ್ಕ, ಯಾವನ ಎರಡೂ ಇವೆ. ತುರುಷ್ಕರ ನಾಡಿನದು, ಯವನರ ನಾಡಿನದು ಅಂತ. ಅಂದರೆ ಇದು ಹೊರಗಿಂದ ಬಂದ ಸರಕು ಅಂತ ನಮ್ಮವರಿಗೆ ಚೆನ್ನಾಗಿಯೇ ಗೊತ್ತಿತ್ತು. ಹೊರಗಿನದು ಅಂತ ದೂರ ಇಡಲಿಲ್ಲ. ಪರೀಕ್ಷೆ ಮಾಡಿ, ಹೆಸರಿಟ್ಟು, ಚರ್ಮದ ಲೇಪಕ್ಕೆ, ಸುಗಂಧ ತೈಲಕ್ಕೆ ಸೇರಿಸಿಕೊಂಡರು.

ಆಸ್ಪತ್ರೆಯ ಕಂದು ಬಾಟಲಿ

ಈ ಎರಡೂ ರಾಳ ಒಂದೇ ಬಾಟಲಿಯಲ್ಲಿ ಸೇರೋ ಜಾಗ ಒಂದಿದೆ. ಟಿಂಚರ್ ಬೆಂಜೋಯಿನ್. ಗಾಯಕ್ಕೆ ಪಟ್ಟಿ ಹಾಕಿಸಿಕೊಂಡ ಎಷ್ಟೋ ಜನರಿಗೆ ಅದರ ವಾಸನೆ ಪರಿಚಯ. ಕಾಂಪೌಂಡ್ ಟಿಂಚರ್ ಅನ್ನೋದರಲ್ಲಿ ಬೆಂಜೋಯಿನ್, ಸ್ಟೋರಾಕ್ಸ್, ಟೋಲು ಬಾಲ್ಸಂ, ಲೋಳೆಸರದ ಸಾರ, ಇಷ್ಟನ್ನು ಆಲ್ಕೋಹಾಲ್‌ನಲ್ಲಿ ನೆನೆಹಾಕಿರುತ್ತಾರೆ. ರಾಳ ಆಲ್ಕೋಹಾಲ್‌ನಲ್ಲಿ ಕರಗುತ್ತೆ ಅಂದೆನಲ್ಲ, ಅದು ಇಲ್ಲಿ ಉಪಯೋಗಕ್ಕೆ ಬಂತು. ಹಚ್ಚಿದ ಮೇಲೆ ಆಲ್ಕೋಹಾಲ್ ಆರಿಹೋಗಿ ಚರ್ಮದ ಮೇಲೆ ರಾಳದ ತೆಳು ಪೊರೆ ಉಳಿಯುತ್ತೆ. ಆ ಪೊರೆ ಚರ್ಮವನ್ನು ಕಾಪಾಡುತ್ತೆ, ಪಟ್ಟಿ ಗಟ್ಟಿಯಾಗಿ ಅಂಟೋ ಹಾಗೆ ಮಾಡುತ್ತೆ. ಮರದ ಮೈಮೇಲೆ ರಾಳ ಮಾಡಿದ ಕೆಲಸವನ್ನೇ ನಮ್ಮ ಚರ್ಮದ ಮೇಲೂ ಮಾಡುತ್ತೆ.

ಬಿಸಿನೀರಿಗೆ ಇದನ್ನು ಕೆಲವು ಹನಿ ಹಾಕಿ ಆವಿ ತಗೊಳ್ಳೋ ರೂಢಿಯೂ ಹಳೆಯದು. ನೆಗಡಿಯಲ್ಲಿ ಮೂಗು ಬಿಟ್ಟ ಹಾಗೆ ಅನ್ನಿಸುತ್ತೆ. ಅದರಲ್ಲಿ ಹೆಚ್ಚಿನ ಪಾಲು ಬಿಸಿ ಆವಿಯದೇ.

ಸುರಕ್ಷತೆಯ ಮಾತು ಇಲ್ಲೇ ಹೇಳಿಬಿಡ್ತೀನಿ. ಒಂದು, ಕೆಲವರಿಗೆ ಬೆಂಜೋಯಿನ್ ಅಲರ್ಜಿ ಇರುತ್ತೆ. ಹಚ್ಚಿದ ಕಡೆ ಕೆಂಪಾಗಿ, ಕಡಿತ ಬಂದು, ಗುಳ್ಳೆ ಏಳುತ್ತೆ. ಒಮ್ಮೆ ಹೀಗಾದವರು ಮುಂದೆ ಪಟ್ಟಿ ಹಾಕಿಸುವಾಗ ನರ್ಸ್‌ಗೆ ಮೊದಲೇ ಹೇಳಬೇಕು. ಎರಡು, ಇದು ಹೊರಗೆ ಹಚ್ಚೋಕೆ ಮಾತ್ರ, ಕುಡಿಯೋಕಲ್ಲ. ಮೂರು, ಆಲ್ಕೋಹಾಲ್ ಇರೋದರಿಂದ ಬೆಂಕಿ ಹತ್ತುತ್ತೆ, ಸ್ಟವ್ ಹತ್ತಿರ ಇಡಬೇಡಿ. ನಾಲ್ಕು, ಕುದಿಯೋ ನೀರಿನ ಪಾತ್ರೆಯ ಮುಂದೆ ಚಿಕ್ಕ ಮಕ್ಕಳನ್ನು ಕೂರಿಸಿ ಟವೆಲ್ ಮುಚ್ಚಿ ಆವಿ ಕೊಡಬೇಡಿ. ಪಾತ್ರೆ ಉರುಳಿ ಸುಟ್ಟುಕೊಳ್ಳೋ ಅಪಾಯ ದೊಡ್ಡದು.

ರಾಳದಿಂದ ಹೊರಟ ಮೊದಲ ದಾರಿ: ಬೆಂಜೋಯಿಕ್ ಆಮ್ಲ

ಬೆಂಜೋಯಿನ್ ರಾಳವನ್ನು ಬಿಸಿ ಮಾಡಿದರೆ ಆವಿ ಎದ್ದು, ತಣ್ಣಗಿನ ಮುಚ್ಚಳದ ಒಳಗೆ ಬಿಳಿ ಸೂಜಿಗಳ ಹಾಗೆ ಹರಳು ಕಟ್ಟುತ್ತೆ. ಯುರೋಪಿನಲ್ಲಿ 16ನೇ ಶತಮಾನದಲ್ಲೇ ಇದನ್ನು ಕಂಡವರಿದ್ದಾರೆ. ಅದೇ ಬೆಂಜೋಯಿಕ್ ಆಮ್ಲ. 1832ರಲ್ಲಿ ಜರ್ಮನಿಯ ಲೀಬಿಗ್ ಮತ್ತು ವೋಲರ್ ಇದರ ಕುಟುಂಬದ ವಸ್ತುಗಳನ್ನು ಪರೀಕ್ಷೆ ಮಾಡಿದ್ದು ಸಾವಯವ ರಸಾಯನಶಾಸ್ತ್ರದ ದೊಡ್ಡ ಹೆಜ್ಜೆ. ಮುಂದಿನ ವರ್ಷ ಮಿಚರ್ಲಿಕ್ ಈ ಆಮ್ಲವನ್ನು ಸುಣ್ಣದ ಜೊತೆ ಕಾಯಿಸಿ ಒಂದು ದ್ರವ ಪಡೆದ. ಹೆಸರು ಬೆಂಜಿನ್ ಅಂತ ಇಟ್ಟ. ಫ್ಯಾರಡೆ 1825ರಲ್ಲೇ ಬೇರೆ ದಾರಿಯಲ್ಲಿ ಇದನ್ನು ಕಂಡುಹಿಡಿದು ಬೇರೆ ಹೆಸರು ಕೊಟ್ಟಿದ್ದ. ಉಳಿದದ್ದು ಸಾಂಬ್ರಾಣಿಯಿಂದ ಬಂದ ಹೆಸರು. ಇವತ್ತು ನಾವು ಬೆಂಜೀನ್ ಅನ್ನೋದು ಇದನ್ನೇ.

ಈಗ ಒಂದೇ ಮನೆತನದ ಇಬ್ಬರನ್ನು ನೋಡಿ. ಬೆಂಜೋಯಿಕ್ ಆಮ್ಲ ಶಿಲೀಂಧ್ರವನ್ನು ತಡೆಯುತ್ತೆ. ಅದನ್ನು ಸ್ಯಾಲಿಸಿಲಿಕ್ ಆಮ್ಲದ ಜೊತೆ ಬೆರೆಸಿದ್ದು ಹುಳುಕಡ್ಡಿಗೆ ಹಚ್ಚೋ ವಿಟ್‌ಫೀಲ್ಡ್ ಮುಲಾಮು. ಕಡಿಮೆ ಬೆಲೆಯ ಹಳೆಯ ಔಷಧ, ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಈ ಜೋಡಿಗೆ ಹಿಂದೆ ಜಾಗ ಸಿಕ್ಕಿತ್ತು. ಅದೇ ಆಮ್ಲದ ಲವಣ ಸೋಡಿಯಂ ಬೆಂಜೋಯೇಟ್. ಉಪ್ಪಿನಕಾಯಿ, ಜ್ಯೂಸ್ ಬಾಟಲಿಯ ಹಿಂದೆ 211 ಅಂತ ಸಂಖ್ಯೆ ಕಂಡರೆ ಅದು ಇದೇ. ಮಿತಿಯಲ್ಲಿ ಹೊಟ್ಟೆಗೆ ಹೋದರೆ ಪಿತ್ತಜನಕಾಂಗ ಅದನ್ನು ಗ್ಲೈಸಿನ್ ಜೊತೆ ಜೋಡಿಸಿ ಮೂತ್ರದಲ್ಲಿ ಹೊರಗೆ ಹಾಕುತ್ತೆ. ಇದನ್ನು 1841ರಷ್ಟು ಹಿಂದೆಯೇ ಲಂಡನ್ನಿನ ಅಲೆಗ್ಸಾಂಡರ್ ಯೂರ್ ಅನ್ನೋ ವೈದ್ಯ ತೋರಿಸಿದ್ದ.

ಇನ್ನೊಬ್ಬ ಬೆಂಜೀನ್. ಅದು ರಕ್ತದ ಕ್ಯಾನ್ಸರ್ ತರೋ ವಸ್ತು ಅಂತ ಖಚಿತವಾಗಿದೆ. ಅದಕ್ಕೇ ನಮ್ಮ ಬಿಎಸ್-6 ಪೆಟ್ರೋಲ್‌ನಲ್ಲಿ ಅದರ ಪ್ರಮಾಣ ಶೇ. 1 ದಾಟಬಾರದು ಅಂತ ನಿಯಮ ಇದೆ. ಹೆಸರಿನ ಬೇರು ಒಂದೇ, ಸ್ವಭಾವ ಪೂರ್ತಿ ಬೇರೆ.

ಎರಡನೇ ದಾರಿ: ಬರ್ಲಿನ್ನಿನ ಔಷಧ ಅಂಗಡಿ

1839ರಲ್ಲಿ ಬರ್ಲಿನ್ನಿನ ಎಡ್ವರ್ಡ್ ಸೈಮನ್ ಅನ್ನೋ ಔಷಧ ವ್ಯಾಪಾರಿ ಸ್ಟೋರಾಕ್ಸ್ ರಾಳವನ್ನು, ಅಂದರೆ ನಮ್ಮ ಶಿಲಾರಸವನ್ನು, ಬಟ್ಟಿ ಇಳಿಸಿದ. ಎಣ್ಣೆಯಂಥ, ಘಮ್ಮನ್ನೋ ಒಂದು ದ್ರವ ಸಿಕ್ಕಿತು. ಸ್ಟೈರಾಲ್ ಅಂತ ಹೆಸರಿಟ್ಟ. ಕೆಲವು ತಿಂಗಳು ಬಿಟ್ಟು ನೋಡಿದರೆ ದ್ರವ ಹೋಗಿ ಲೋಳೆಯ ಹಾಗೆ ಗಟ್ಟಿಯಾಗಿತ್ತು. ಗಾಳಿಯ ಆಮ್ಲಜನಕ ಸೇರಿ ಹೀಗಾಗಿದೆ ಅಂದುಕೊಂಡ. 1845ರಲ್ಲಿ ಬ್ಲೈತ್ ಮತ್ತು ಹಾಫ್‌ಮನ್ ಗಾಳಿಯೇ ಇಲ್ಲದ ಕಡೆಯೂ ಹೀಗೇ ಆಗುತ್ತೆ ಅಂತ ತೋರಿಸಿದರು. ಆಮೇಲೆ ಬರ್ತೆಲೋ ಸರಿಯಾದ ಕಾರಣ ಹೇಳಿದ: ದ್ರವದ ಸಣ್ಣ ಅಣುಗಳು ತಾವಾಗಿಯೇ ಒಂದಕ್ಕೊಂದು ಕೈ ಹಿಡಿದು ಉದ್ದ ಸರಪಳಿ ಆಗುತ್ತಿವೆ. ಬಿಸಿ ಹೆಚ್ಚಾದರೆ ವೇಗ ಹೆಚ್ಚು. ಸರಪಳಿ ಆಗುವಾಗ ಮತ್ತಷ್ಟು ಬಿಸಿ ಹುಟ್ಟುತ್ತೆ. ಆ ಬಿಸಿ ವೇಗವನ್ನು ಇನ್ನೂ ಏರಿಸುತ್ತೆ.

ಆ ದ್ರವವೇ ಇಂದಿನ ಸ್ಟೈರೀನ್. ಗಟ್ಟಿಯಾದದ್ದು ಪಾಲಿಸ್ಟೈರೀನ್. ಟಿವಿ, ಫ್ರಿಜ್ಜು ಬಂದ ಡಬ್ಬದೊಳಗಿನ ಬಿಳಿ ಥರ್ಮೋಕೋಲ್ ಅದೇ. ಇವತ್ತು ಸ್ಟೈರೀನನ್ನು ಯಾರೂ ಮರದಿಂದ ತೆಗೆಯಲ್ಲ. ಬೆಂಜೀನ್ ಮತ್ತು ಎಥಿಲೀನ್ ಸೇರಿಸಿ ಕಾರ್ಖಾನೆಯಲ್ಲಿ ಮಾಡ್ತಾರೆ. ಅಂದರೆ ಸಾಂಬ್ರಾಣಿಯ ಹೆಸರು ಹೊತ್ತ ವಸ್ತುವಿನಿಂದ ಶಿಲಾರಸದ ಹೆಸರು ಹೊತ್ತ ವಸ್ತು ತಯಾರಾಗುತ್ತೆ.

7 ಮೇ 2020

ವಿಶಾಖಪಟ್ಟಣದ ಮಾತು ಈಗ ಬಂತು. 1957ರಲ್ಲಿ ಇಲ್ಲಿ ಕ್ಯಾಲ್ಟೆಕ್ಸ್ ಕಂಪನಿಯ ತೈಲ ಶುದ್ಧೀಕರಣ ಘಟಕ ಶುರುವಾಯ್ತು. ಗಾಜುವಾಕದ ಪಕ್ಕ ಇರೋ ಇಂದಿನ ಎಚ್‌ಪಿಸಿಎಲ್ ಅದೇ. 1961ರಲ್ಲಿ ಊರಿನ ಇನ್ನೊಂದು ಬದಿ, ಗೋಪಾಲಪಟ್ನಂ ಹತ್ತಿರದ ಆರ್.ಆರ್. ವೆಂಕಟಾಪುರಂನಲ್ಲಿ ಹಿಂದೂಸ್ತಾನ್ ಪಾಲಿಮರ್ಸ್ ಅನ್ನೋ ಪಾಲಿಸ್ಟೈರೀನ್ ಕಾರ್ಖಾನೆ ಬಂತು. 1978ರಲ್ಲಿ ಅದು ಬೆಂಗಳೂರಿನ ಯುಬಿ ಸಮೂಹದ ಮೆಕ್‌ಡೊವೆಲ್ ಕಂಪನಿಯಲ್ಲಿ ವಿಲೀನವಾಯ್ತು. 1997ರಲ್ಲಿ ಕೊರಿಯಾದ ಎಲ್‌ಜಿ ಕೆಮ್ ತಗೊಂಡು ಎಲ್‌ಜಿ ಪಾಲಿಮರ್ಸ್ ಅಂತ ಹೆಸರು ಬದಲಾಯಿಸಿತು.

2020ರ ಮಾರ್ಚ್ ಕೊನೆಯಿಂದ ಲಾಕ್‌ಡೌನ್. ಕಾರ್ಖಾನೆ ನಿಂತಿತ್ತು, ಟ್ಯಾಂಕಿನೊಳಗೆ ಸ್ಟೈರೀನ್ ಹಾಗೇ ಇತ್ತು. ಸ್ಟೈರೀನ್ ಶೇಖರಿಸಬೇಕಾದರೆ ಎರಡು ಕೆಲಸ ತಪ್ಪಬಾರದು: ತಣ್ಣಗಿಡಬೇಕು, ಸರಪಳಿ ಕಟ್ಟದ ಹಾಗೆ ತಡೆಯೋ ಪ್ರತಿಬಂಧಕ ರಾಸಾಯನಿಕ ಸಾಕಷ್ಟು ಇರಬೇಕು. ಮೇ 7ರ ಬೆಳಗಿನ ಜಾವ ಸುಮಾರು 3 ಗಂಟೆಗೆ, 1839ರಲ್ಲಿ ಸೈಮನ್‌ನ ಬಾಟಲಿಯಲ್ಲಿ ಮೆಲ್ಲಗೆ ಆದದ್ದೇ ಇಲ್ಲಿ ದೊಡ್ಡ ಟ್ಯಾಂಕಿನಲ್ಲಿ ಹತೋಟಿ ಮೀರಿ ಆಯ್ತು. ಒಳಗಿನ ಬಿಸಿ ಏರುತ್ತಾ ಹೋಗಿ ಸ್ಟೈರೀನ್ ಆವಿಯಾಗಿ ಹೊರಗೆ ನುಗ್ಗಿತು. ಆ ಆವಿ ಗಾಳಿಗಿಂತ ಮೂರೂವರೆ ಪಟ್ಟು ಭಾರ. ಮೇಲಕ್ಕೆ ಹೋಗದೆ ನೆಲದ ಮೇಲೆ ಹರಡಿ, ಜನ ನಿದ್ದೆ ಮಾಡ್ತಿದ್ದ ಮನೆಗಳ ಒಳಗೆ ಹೋಯ್ತು. 12 ಜನ ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ರಸ್ತೆಯಲ್ಲಿ ಓಡುತ್ತಾ ಓಡುತ್ತಾ ಕುಸಿದು ಬಿದ್ದವರ ದೃಶ್ಯಗಳನ್ನು ನಾವೆಲ್ಲ ಅವತ್ತು ಟಿವಿಯಲ್ಲಿ ನೋಡಿದ್ದೀವಿ.

ಆಂಧ್ರ ಸರ್ಕಾರ ನೇಮಿಸಿದ ಉನ್ನತ ಸಮಿತಿ ಅದೇ ವರ್ಷ ಜುಲೈನಲ್ಲಿ ವರದಿ ಕೊಟ್ಟಿತು. ಟ್ಯಾಂಕಿನ ತಂಪು ವ್ಯವಸ್ಥೆ, ತಾಪಮಾನ ಅಳೆಯೋ ರೀತಿ, ಪ್ರತಿಬಂಧಕದ ಕೊರತೆ, ಎಲ್ಲದರಲ್ಲೂ ಲೋಪ ಅಂತ ಹೇಳಿತು. ಎಚ್ಚರಿಕೆಯ ಸೈರನ್ ಇದ್ದರೂ ಮೊಳಗಿಸಿರಲಿಲ್ಲ ಅನ್ನೋದೂ ಅದರಲ್ಲಿತ್ತು.

ಇಲ್ಲಿ ಯಾರಾದರೂ "ನೋಡಿ, ಕೆಮಿಕಲ್ ಅಂದರೆ ಹೀಗೇ" ಅನ್ನಬಹುದು. ಆದರೆ ಆ ಅಣು ಮೊದಲು ಸಿಕ್ಕಿದ್ದು ಶಿಲಾರಸದಲ್ಲಿ. ಆ ರಾಳದಲ್ಲಿ ಸ್ಟೈರೀನ್ ಅಲ್ಪ ಪ್ರಮಾಣದಲ್ಲಿ ಸಹಜವಾಗಿಯೇ ಇರುತ್ತೆ. ಲೇಪದಲ್ಲಿ ಒಂದು ಚಿಟಿಕೆ ಹಚ್ಚಿಕೊಂಡವರು ಸಾಯಲಿಲ್ಲ, ಟನ್‌ಗಟ್ಟಲೆ ಆವಿಯನ್ನು ಉಸಿರಾಡಿದವರು ಉಳಿಯಲಿಲ್ಲ. ಅಣು ಒಂದೇ. ಎಷ್ಟು, ಯಾವ ದಾರಿಯಿಂದ ಒಳಗೆ ಹೋಯ್ತು, ಸುತ್ತ ಗಾಳಿ ಹೇಗಿತ್ತು, ಕಾಯೋಕೆ ಯಾರಿದ್ದರು, ವ್ಯತ್ಯಾಸ ಇದ್ದದ್ದು ಅಲ್ಲಿ.

ಅದೇ ಅಣು, ಬೇರೆ ಮೈ

ಇನ್ನೊಂದು ಪ್ರಶ್ನೆ ಉಳಿಯಿತು: ಯಾರ ಮೈ?

1982ರಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ, ತಿಂಗಳು ತುಂಬದೆ ಹುಟ್ಟಿದ ಕೆಲವು ಶಿಶುಗಳು ಏದುಸಿರು ಬಿಡುತ್ತಾ ಸತ್ತದ್ದು ವೈದ್ಯರ ಗಮನಕ್ಕೆ ಬಂತು. ಕಾರಣ ಹುಡುಕಿದರೆ, ರಕ್ತನಾಳದ ಕೊಳವೆ ತೊಳೆಯೋಕೆ ಬಳಸಿದ ಸಲೈನ್‌ನಲ್ಲಿ ಕೆಡದಿರಲಿ ಅಂತ ಬೆಂಜೈಲ್ ಆಲ್ಕೋಹಾಲ್ ಹಾಕಿದ್ದರು. ದೇಹದಲ್ಲಿ ಅದು ಬೆಂಜೋಯಿಕ್ ಆಮ್ಲ ಆಗುತ್ತೆ. ದೊಡ್ಡವರ ಪಿತ್ತಜನಕಾಂಗ ಅದನ್ನು ಸಲೀಸಾಗಿ ಹೊರಗೆ ಕಳಿಸುತ್ತೆ. ಆ ಎಳೆಯ ಪಿತ್ತಜನಕಾಂಗಕ್ಕೆ ಆ ಶಕ್ತಿ ಇನ್ನೂ ಬಂದಿರಲಿಲ್ಲ. ಆಮ್ಲ ರಕ್ತದಲ್ಲಿ ಕೂಡಿಕೊಂಡಿತು. ಆಮೇಲೆ ನವಜಾತ ಶಿಶುಗಳಿಗೆ ಅಂಥ ಸಲೈನ್ ಬಳಸಬಾರದು ಅಂತ ಎಚ್ಚರಿಕೆ ಹೊರಟಿತು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಬೇರೆ ವೈದ್ಯರು ಸೋಡಿಯಂ ಬೆಂಜೋಯೇಟನ್ನು ಶಿಶುಗಳ ಜೀವ ಉಳಿಸೋಕೆ ಬಳಸುತ್ತಿದ್ದರು. ಹುಟ್ಟಿನಿಂದಲೇ ಯೂರಿಯಾ ತಯಾರಿಸೋಕೆ ಆಗದ ಮಕ್ಕಳ ರಕ್ತದಲ್ಲಿ ಅಮೋನಿಯ ಏರುತ್ತೆ. ಬೆಂಜೋಯೇಟ್ ಗ್ಲೈಸಿನ್ ಜೊತೆ ಸೇರಿ ಹೊರಗೆ ಹೋಗುವಾಗ ಸಾರಜನಕವನ್ನೂ ಕರೆದುಕೊಂಡು ಹೋಗುತ್ತೆ. ತೂಕ ನೋಡಿ, ಅಳೆದು, ಗಂಟೆಗಂಟೆಗೂ ರಕ್ತ ಪರೀಕ್ಷೆ ಮಾಡುತ್ತಾ ಕೊಡೋ ಔಷಧ ಇದು. ಒಂದು ಕಡೆ ಯಾರೂ ಲೆಕ್ಕ ಇಡದೆ ಒಳಗೆ ಹೋದದ್ದು ಕೊಂದಿತು, ಇನ್ನೊಂದು ಕಡೆ ಲೆಕ್ಕ ಇಟ್ಟು ಕೊಟ್ಟದ್ದು ಉಳಿಸಿತು.

ಹೊಗೆಯ ಲೆಕ್ಕ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸಾಂಬ್ರಾಣಿ ಉರಿದಾಗ ಅದರ ಘಮದ ಜೊತೆ ಇಂಗಾಲದ ಸಣ್ಣ ಕಣಗಳು ಬರುತ್ತವೆ. ಪಿಎಂ 2.5 ಅಂತ ನಾವು ಆ್ಯಪ್‌ನಲ್ಲಿ ನೋಡ್ತೀವಲ್ಲ, ಅವೇ. ರಾಳ ಸುಟ್ಟರೂ, ಸೌದೆ ಸುಟ್ಟರೂ, ಸಿಗರೇಟು ಸುಟ್ಟರೂ ಶ್ವಾಸಕೋಶದ ಮಟ್ಟಿಗೆ ಹೊಗೆ ಹೊಗೆಯೇ. ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ ನವಜಾತ ಶಿಶು 40ರಿಂದ 60 ಸಲ ಉಸಿರಾಡುತ್ತೆ. ಅದರ ಉಸಿರಿನ ಕೊಳವೆಗಳು ಸಣ್ಣವು, ಬೇಗ ಕಟ್ಟಿಕೊಳ್ಳುತ್ತವೆ. ಎದ್ದು ಹೊರಗೆ ಹೋಗೋಕೂ ಅದಕ್ಕೆ ಬರಲ್ಲ.

ದೊಡ್ಡವರಲ್ಲಿ ವರ್ಷಗಟ್ಟಲೆ ಧೂಪದ ಹೊಗೆ ಏನು ಮಾಡುತ್ತೆ ಅನ್ನೋದಕ್ಕೆ ಸಿಂಗಪುರದಲ್ಲಿ 61,320 ಜನರನ್ನು ಹಲವು ವರ್ಷ ಗಮನಿಸಿದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯ್ತು. ದೀರ್ಘಕಾಲ ಅಗರಬತ್ತಿಯಂಥ ಧೂಪ ಬಳಸಿದವರಲ್ಲಿ ಉಸಿರಿನ ಮೇಲ್ಭಾಗದ ಕೆಲವು ಕ್ಯಾನ್ಸರ್‌ಗಳು ಹೆಚ್ಚಾಗಿ ಕಂಡವು. ಶ್ವಾಸಕೋಶದ ಕ್ಯಾನ್ಸರನ್ನು ಒಟ್ಟಾರೆ ತಗೊಂಡರೆ ಅಂಥ ಸಂಬಂಧ ಕಾಣಲಿಲ್ಲ. ಎರಡೂ ಮಾತನ್ನು ಸೇರಿಸಿಯೇ ಹೇಳಬೇಕು. ದಿನಕ್ಕೊಂದು ಊದಿನಕಡ್ಡಿ ಹಚ್ಚಿದರೆ ಸತ್ತೇ ಹೋಗ್ತೀವಿ ಅಂತಲ್ಲ, ಏನೂ ಆಗಲ್ಲ ಅಂತಲೂ ಅಲ್ಲ.

ಹಾಗಾದರೆ ಅಜ್ಜಿಯರು ಮಾಡಿದ್ದೆಲ್ಲ ತಪ್ಪಾ? ಅವರ ಕಾಲದಲ್ಲಿ ಆ ಹೊಗೆಗೆ ಕೆಲಸ ಇತ್ತು. ಮಳೆಗಾಲದಲ್ಲಿ ಒದ್ದೆ ಕೂದಲು ಆರಬೇಕು, ಎಳೆ ಮೈ ಬೆಚ್ಚಗಿರಬೇಕು, ಸೊಳ್ಳೆ ಹೋಗಬೇಕು, ಬಾಣಂತಿ ಕೋಣೆಯ ಮುಗ್ಗಲು ವಾಸನೆ ಹೋಗಬೇಕು. ಕೆಂಡದ ಬಿಸಿ ಅದರಲ್ಲಿ ಅರ್ಧ ಕೆಲಸ ಮಾಡ್ತಿತ್ತು. ಮನೆಗೆ ಹೆಂಚಿನ ಸಂದು ಇತ್ತು, ಗವಾಕ್ಷಿ ಇತ್ತು, ಹೊಗೆ ಮೇಲೆ ಹೋಗ್ತಿತ್ತು. ಗಾಜುವಾಕದ ಎರಡು ಬೆಡ್‌ರೂಮಿನ ಫ್ಲಾಟ್‌ನಲ್ಲಿ ಹೊರಗಿನ ಧೂಳಿಗೆ ಹೆದರಿ ಕಿಟಕಿ ಮುಚ್ಚಿ ಎಸಿ ಹಾಕಿರ್ತೀವಿ. ಹೊಗೆ ಹೋಗೋದೆಲ್ಲಿಗೆ? ಕೆಂಡದಿಂದ ಬರೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಜೀವ ತೆಗೆಯಬಲ್ಲದು. ಸಾಲದ್ದಕ್ಕೆ ಈಗ ಸಿಗೋ ಕಪ್ ಸಾಂಬ್ರಾಣಿಯಲ್ಲಿ ಇದ್ದಿಲ ಪುಡಿ, ಸುಗಂಧ ಎಲ್ಲ ಇರುತ್ತೆ. ಅಜ್ಜಿ ಹಾಕಿದ ರಾಳದ ಚೂರಿಗೂ ಇದಕ್ಕೂ ಹೋಲಿಕೆ ಇಲ್ಲ.

ಮನೆಯಲ್ಲಿ ಏನು ಮಾಡೋದು

ಮಗುವಿಗೆ ನೇರವಾಗಿ ಹೊಗೆ ಬೇಡ. ಎರೆದ ತಕ್ಷಣ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿ, ತಲೆಗೆ ಟೋಪಿ ಹಾಕಿ, ತಾಯಿಯ ಎದೆಗೆ ಒರಗಿಸಿ. ಬೆಚ್ಚಗಾಗೋದು ಹೀಗೆ. ಸೊಳ್ಳೆಗೆ ಸೊಳ್ಳೆಪರದೆ. ಬಾಣಂತಿಯ ಕೂದಲಿಗೆ ಬಿಸಿಲು, ಅಥವಾ ಹೇರ್ ಡ್ರೈಯರ್.

ದೇವರ ಮುಂದೆ, ಶುಕ್ರವಾರ, ಹಬ್ಬಕ್ಕೆ ಸಾಂಬ್ರಾಣಿ ಬೇಕೇ ಬೇಕು ಅಂದರೆ ಚೂರು ಸಾಕು. ಕಿಟಕಿ ತೆಗೆದು, ಮಗುವನ್ನೂ ಆಸ್ತಮಾ ಇರೋರನ್ನೂ ಬೇರೆ ಕೋಣೆಯಲ್ಲಿಟ್ಟು, ಹೊಗೆ ಪೂರ್ತಿ ಹೋದ ಮೇಲೆ ಒಳಗೆ ಕರೆತನ್ನಿ. ಕೆಂಡ ಹಾಗೇ ಬಿಟ್ಟು ಮಲಗಬೇಡಿ. ಅಮೆರಿಕ, ಯುರೋಪಿನಲ್ಲಿರೋರು ಹೊಗೆ ಅಲಾರಂ ಕೂಗುತ್ತೆ ಅಂತ ಅದರ ಬ್ಯಾಟರಿ ಕಿತ್ತಿಡಬೇಡಿ. ಮಗುವಿಗೆ ಉಸಿರು ಜೋರಾದರೆ, ಎದೆಗೂಡು ಒಳಗೆ ಹೋಗ್ತಿದ್ದರೆ, ಹಾಲು ಕುಡಿಯೋಕೆ ಆಗದಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಕೈಗಾರಿಕಾ ಪ್ರದೇಶದಲ್ಲಿ ಇರೋರಿಗೆ ಇನ್ನೊಂದು ಮಾತು. ಹತ್ತಿರದ ಘಟಕದಲ್ಲಿ ಏನು ಶೇಖರಿಸಿದ್ದಾರೆ, ಸೈರನ್ ಯಾವಾಗ ಪರೀಕ್ಷೆ ಮಾಡ್ತಾರೆ ಅಂತ ನಿಮ್ಮ ಅಪಾರ್ಟ್‌ಮೆಂಟ್ ಸಂಘದ ಮೂಲಕ ಕೇಳಿ. ಕೇಳೋದು ನಿಮ್ಮ ಹಕ್ಕು. ವೆಂಕಟಾಪುರಂನ ಜನಕ್ಕೆ ಅವತ್ತು ಎಚ್ಚರ ಆದದ್ದು ಸೈರನ್‌ನಿಂದಲ್ಲ, ವಾಸನೆಯಿಂದ, ಕಣ್ಣುರಿಯಿಂದ.

ಅಮ್ಮನಿಗೆ, ಅತ್ತೆಗೆ ಹೇಳುವಾಗ "ನಿಮಗೇನು ಗೊತ್ತು" ಅನ್ನಬೇಡಿ. ಸಾಂಬ್ರಾಣಿ ಒಳ್ಳೆಯ ವಸ್ತುವೇ ಅನ್ನಿ, ಸಾವಿರ ವರ್ಷದಿಂದ ಹಡಗು ಹತ್ತಿ ಬಂದದ್ದು, ಆಸ್ಪತ್ರೆಯಲ್ಲೂ ಇದೆ ಅನ್ನಿ. ಆದರೆ ಅದರ ಜಾಗ ಗಾಯದ ಪಟ್ಟಿಯ ಕೆಳಗೆ, ದೇವರ ಮುಂದೆ, ತೆರೆದ ಕಿಟಕಿಯ ಪಕ್ಕ. ಹುಟ್ಟಿ ಹದಿನೈದು ದಿನದ ಕೂಸಿನ ಮೂಗಿನ ಹತ್ತಿರ ಅಲ್ಲ.

ಮುಂದಿನ ವಾರ ಇನ್ನೊಂದು ವಿಷಯದ ಜೊತೆ ಸಿಗೋಣ. ಅಲ್ಲೀವರೆಗೆ ಎಲ್ಲರೂ ಹುಷಾರಾಗಿರಿ.